ಗೋಡೆಗೆ ಆನಿಸಿಟ್ಟ ನೆಲ

ಹೋದ ಬೇಸಿಗೆ ಸೂಟಿಗೆ ಸೇಡಂನಿಂದ ಬಂದ ನೀವಿಬ್ಬರೂ ಚೀಲ ಇಳಿಸುವ ಮೊದಲೇ ಬೂದಿ ಬೆಕ್ಕನ್ನು ಹುಡುಕಿದಿರಿ. ಮಂಚದ ಕೆಳಗಿರಲಿಲ್ಲ, ಅಡುಗೆಮನೆಯಲ್ಲೂ ಇರಲಿಲ್ಲ. ಕಡೆಗೆ ಬಾಜೂ ಮನೆಯವರ ಹೊಸ ಕೋಣೆಯಲ್ಲಿ ಕಾಲು ಚಾಚಿ ಮಲಗಿದ್ದಳು.

"ಆಯಿ, ನಮ್ಮ ಬೆಕ್ಕಿಗಿ ಅವರು ಕದ್ದಾರೇನು?" ಎಂದು ಸಣ್ಣವಳು ಕೇಳಿದಳು.

"ಇಲ್ಲವ್ವ. ಅಕಿಗಿ ಅಲ್ಲೇ ಸೇರ್ತದ," ಎಂದು ಹೇಳಿ ನಾನು ಚಹಾ ಇಡುವ ನೆಪ ಮಾಡಿಕೊಂಡು ಒಳಗೆ ಹೋದೆ.

ದೊಡ್ಡವನು ಅಷ್ಟಕ್ಕೆ ಬಿಡಲಿಲ್ಲ. ಬುಟ್ಟಿ ಒಯ್ದು, ಅವಳನ್ನು ಹಿಡಿದು ತಂದು, ಪಡಸಾಲೆಯ ನಡುವೆ ಬಿಟ್ಟ. ಅವಳ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋದವು. ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ತೆವಳುತ್ತ ಗೋಡೆ ಮುಟ್ಟಿದಳು. ಗೋಡೆಗುಂಟ ಹೋಗಿ ಹೊಸ್ತಿಲು ದಾಟಿ, ಅಲ್ಲಿ ಎದ್ದು ನಿಂತು, ಮೈ ಕೊಡವಿ, ಹಿಂದೆ ನೋಡದೆ ಬಾಜೂ ಮನೆಗೆ ಹೋದಳು. ನೀವು ಮೊದಲು ನಕ್ಕಿರಿ. ಆಮೇಲೆ ನನ್ನ ಮುಖ ನೋಡಿ ಬುಟ್ಟಿ ತೆಗೆದಿಟ್ಟಿರಿ.

ಹೀಗೇಕಾಯಿತು ಎಂದು ಅಂದು ಹೇಳಲು ಆಗಲಿಲ್ಲ. ಯಾರಾದರೂ ನನ್ನನ್ನೇ ನೋಡುತ್ತ ಉತ್ತರಕ್ಕೆ ಕಾದರೆ ಆಡಬೇಕಾದದ್ದು ಬಿಟ್ಟು ಏನೋ ಒಂದು ಆಡಿ ಮುಗಿಸುತ್ತೇನೆ. ನೀವು ನನ್ನ ಮಗಳ ಮಕ್ಕಳಾದರೂ ಹಾಗೇ. ನನ್ನ ತವರೂರು ಕೊಡ್ಲಿಯ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರಗಳು ಇನ್ನೂ ಕೈಯಲ್ಲಿವೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೊಡ್ಲಿಯ ನನ್ನ ತವರುಮನೆಯ ನೆಲ ಮಣ್ಣಿನದು. ಅವ್ವ ಸಗಣಿ ಕಲಸಿ ಸಾರಿಸಿದ ದಿನ ನೆಲ ಆರುವ ತನಕ ನಮ್ಮನ್ನೆಲ್ಲ ಹೊರಗೆ ಕಟ್ಟೆಯ ಮೇಲೆ ಕೂಡಿಸುತ್ತಿದ್ದಳು. ನಾವು ಅಂಜಿ ಕುಳಿತಿರುತ್ತಿದ್ದೆವು. ಬೆಕ್ಕಿಗೆ ಅಂಜಿಕೆ ಇರಲಿಲ್ಲ. ಅದು ಹಸಿ ನೆಲದ ಮೇಲೆ ಒಲೆಯ ತನಕ ನಡೆದು ಹೋಗುತ್ತಿತ್ತು. ಹಿಂದೆ ಹೆಜ್ಜೆಗಳು ಸಾಲಾಗಿ ಮೂಡಿ ಹಾಗೇ ಒಣಗುತ್ತಿದ್ದವು. "ಹೋಗ್ಲಿ ಬಿಡು, ಅಕಿನೂ ಒಂದು ಕೈ ಸಾರಿಸ್ಯಾಳ," ಎನ್ನುತ್ತಿದ್ದಳು ಅವ್ವ. ನನಗೆ ನೆಲ ಮತ್ತು ಬೆಕ್ಕು ಎರಡೂ ಒಂದೇ ಕಡೆ ನೆನಪಾಗುವುದು ಅಂದಿನಿಂದ.

ಮದುವೆಯಾಗಿ ಶಹಾಬಾದಕ್ಕೆ ಬಂದಾಗ ಎಲ್ಲೆಲ್ಲೂ ಕಲ್ಲು. ಮನೆಯ ನೆಲ ಕಲ್ಲು, ಮೆಟ್ಟಿಲು ಕಲ್ಲು, ಗಟಾರದ ಮೇಲಿನ ಮುಚ್ಚಳ ಕಲ್ಲು, ಬಟ್ಟೆ ಒಗೆಯುವುದೂ ಕಲ್ಲಿನ ಮೇಲೆ. ಹಾಸುವ ಆ ಚಪ್ಪಟೆ ಕಲ್ಲಿಗೆ ಫರಸಿ ಎನ್ನುತ್ತಾರೆ. ಇಲ್ಲಿಯ ಫರಸಿ ಎಷ್ಟೋ ದೂರದ ಊರುಗಳಿಗೆ ಹೋಗುತ್ತದೆ, ಆದರೆ ಈ ಊರಿನಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ನಿಮ್ಮ ಮುತ್ಯಾ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಲಾರಿಗಳಿಗೆ ಮಾಲು ಏರಿಸುವ ಕೆಲಸ ನೋಡಿಕೊಳ್ಳುತ್ತಿದ್ದರು. ನಮ್ಮ ಮನೆಯ ಫರಸಿಗೆ ಮಾತ್ರ ಅವರು ಪಾಲಿಶ್ ಮಾಡಿಸಲಿಲ್ಲ. ಬೀಗರು ಯಾರಾದರೂ ಕೇಳಿದರೆ, "ದಿನಾ ಹೊಳಪ ನೋಡಿ ನೋಡಿ ಕಣ್ಣು ನೋಯಿಸಿಕೊಂಡು ಬರ್ತೀನ್ರಿ. ಮನ್ಯಾಗರೆ ಜರಾ ಮಬ್ಬು ಇರ್ಲಿ," ಎನ್ನುತ್ತಿದ್ದರು.

ಆ ಮಬ್ಬು ನೆಲದ ಮೇಲೆ ನಾನು ನಿಮ್ಮ ಅವ್ವನನ್ನೂ ನಿಮ್ಮ ಸೋದರಮಾವನನ್ನೂ ಬೆಳೆಸಿದೆ. ಬೇಸಿಗೆಯಲ್ಲಿ ಒಂದು ಕೊಡ ನೀರು ಚೆಲ್ಲಿ, ಅದು ಆರುತ್ತಿದ್ದ ಹಾಗೆ ಚಾಪೆಯಿಲ್ಲದೆ ಮಲಗುತ್ತಿದ್ದೆವು. ನಮ್ಮ ಜೊತೆ ಬೆಕ್ಕುಗಳೂ. ಈ ಬೂದಿ ಬೆಕ್ಕಿನ ಅವ್ವನ ಅವ್ವ ಎಲ್ಲಿಂದಲೋ ಬಂದು ಹಗ್ಗದ ಹೊರಸಿನ ಕೆಳಗೆ ಮರಿ ಹಾಕಿದ್ದು. ಅಂದಿನಿಂದ ಮನೆಯಲ್ಲಿ ಬೆಕ್ಕು ತಪ್ಪಿಲ್ಲ. ಬೂದಿ ಬೆಕ್ಕಿನ ಬಣ್ಣ ಫರಸಿಯ ಬಣ್ಣವೇ. ಅವಳು ಕಣ್ಣು ಮುಚ್ಚಿ ಮಲಗಿದ್ದರೆ ನೆಲ ಯಾವುದು ಬೆಕ್ಕು ಯಾವುದು ತಿಳಿಯುತ್ತಿರಲಿಲ್ಲ. ಅವಳ ಬಾಲ ತುಳಿಯದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಮುತ್ಯಾ ಅವಳಿಗೆ ಬಟ್ಟಲಲ್ಲಿ ಹಾಲು ಹಾಕಿ, ಬೆರಳ ಗೆಣ್ಣಿನಿಂದ ಕಲ್ಲಿನ ಮೇಲೆ ಟಕ್ ಟಕ್ ಬಡಿಯುತ್ತಿದ್ದರು. ಎಲ್ಲಿದ್ದರೂ ಬರುತ್ತಿದ್ದಳು. ಅವರು ಹೋದ ಮೇಲೆ ಆ ಕೆಲಸ ನನ್ನದಾಯಿತು. ಮೊದಲ ಸಲ ನಾನು ಬಡಿದಾಗ ಅವಳು ಓಡಿ ಬಂದು, ಬಟ್ಟಲು ನೋಡಲಿಲ್ಲ, ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. ಅವರು ಬಂದಾರೇನೋ ಎಂದು. ಆಮೇಲೆ ನನ್ನ ಕೈಗೇ ಹೊಂದಿಕೊಂಡಳು. ಗಂಡ ಇಲ್ಲದ ಮನೆಯಲ್ಲಿ ಮಧ್ಯಾಹ್ನ ಬಹಳ ಉದ್ದವಾಗಿರುತ್ತದೆ. ಮಗ ಕೆಲಸಕ್ಕೆ, ಸೊಸೆ ಹೊಲಿಗೆ ಮಶಿನ್ನಿಗೆ ಕುಳಿತ ಮೇಲೆ ನಾನೂ ಅವಳೂ ನೆಲದ ಮೇಲೆ ಒಂದೇ ಕಡೆ ಮಲಗಿರುತ್ತಿದ್ದೆವು. ನನಗೆ ಬೇರೆ ಏನೂ ಬೇಕಾಗಿರಲಿಲ್ಲ.

ತಂಟೆ ಶುರುವಾದದ್ದು ಒಂದು ಗಡವ ಬೆಕ್ಕಿನಿಂದ. ಓಣಿಯ ಗಂಡು ಬೆಕ್ಕು, ಕಿವಿ ಹರಿದದ್ದು. ಬೂದಿ ಬೆಕ್ಕಿಗೆ ಕಪ್ಪು ಬಿಳುಪಿನ ಒಬ್ಬ ಮಗಳಿದ್ದಾಳಲ್ಲ, ಅವಳಿಗಾಗಿ ಬರುತ್ತಿತ್ತು. ಬಂದಾಗಲೆಲ್ಲ ದೇವರ ಜಗಲಿಯ ಮುಂದೆ ಬಾಲ ಎತ್ತಿ ನೀರು ಹಾರಿಸಿ ಹೋಗುತ್ತಿತ್ತು. ನಾವು ಲಿಂಗಪೂಜೆ ಮಾಡುವ ಜಾಗ ಅದು. ಫರಸಿಯ ಸಂದುಗಳಲ್ಲಿ ಆ ನೀರು ಇಳಿದರೆ ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ನನ್ನ ಸೊಸೆ ಸೀಗೆಪುಡಿ ಹಾಕಿ ತಿಕ್ಕಿದಳು, ಬೇವಿನ ಸೊಪ್ಪು ಕುದಿಸಿ ಸುರಿದಳು, ಊದುಬತ್ತಿ ಹಚ್ಚಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೂ ಒಂದು ಮಾತು ಆಡಲು ಸುಲಭವಾಗುತ್ತಿತ್ತೇನೋ.

ಕಡೆಗೆ ನಿಮ್ಮ ಸೋದರಮಾವ ಸಂಡಾಸು ತೊಳೆಯುವ ಆ್ಯಸಿಡ್ ತಂದು ಸುರಿದ. ಫರಸಿ ಸುಣ್ಣದ ಕಲ್ಲು. ಈ ಊರಿನಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವ ಮಾತು, ಆದರೆ ದಿನಾ ತುಳಿಯುವುದರ ಬಗ್ಗೆ ಯಾರು ವಿಚಾರ ಮಾಡುತ್ತಾರೆ? ಕಲ್ಲು ಸೊರ್ ಎಂದು ನೊರೆ ಉಕ್ಕಿಸಿತು. ನೀರು ಹಾಕಿ ತೊಳೆದಾಗ ಅಲ್ಲಿ ರೊಟ್ಟಿಯಗಲ ಬೆಳ್ಳಗಾಗಿತ್ತು. ಮುಟ್ಟಿದರೆ ಸುಣ್ಣ ಸುಣ್ಣ. ಆ ಬಿಳಿ ಜಾಗ ಮೊದಲಿಗಿಂತ ಹೆಚ್ಚು ಹೀರತೊಡಗಿತು. ಗಡವ ಬೆಕ್ಕು ಅದನ್ನು ತನಗೇ ಮಾಡಿಕೊಟ್ಟದ್ದೆಂದು ತಿಳಿದುಕೊಂಡಿತು. ಕಪ್ಪು ಬಿಳುಪಿನವಳೂ ಅಲ್ಲೇ ಉಚ್ಚೆ ಹೊಯ್ಯತೊಡಗಿದಳು.

ಶ್ರಾವಣದಲ್ಲಿ ಪಾದಪೂಜೆಗೆ ಬಂದ ಅಯ್ಯನವರು ಮಣೆಯ ಮೇಲೆ ಕುಳಿತು ಮೂಗು ಏರಿಸಿದರು. "ಏನವ್ವಾ, ಲೋಬಾನದ ಧೂಪಕ್ಕ ಬ್ಯಾರೆ ಏನರೆ ಕಲಸೀರೇನು?" ಎಂದು ನಕ್ಕರು. ಅವರು ಚೇಷ್ಟೆಗೆ ಅಂದದ್ದು. ನನ್ನ ಸೊಸೆಯ ಕಣ್ಣು ತುಂಬಿದವು.

ಅವರು ಹೋದ ಮೇಲೆ ಸೊಸೆ ಗಂಡನಿಗೆ ಹೇಳಿದಳು: "ಈ ಕಲ್ಲು ತಗಸ್ರಿ. ದನದ ಕೊಟಗಿಗಿ ಹಾಕೋ ಕಲ್ಲು ಇದು. ಎಲ್ಲಾರ ಮನ್ಯಾಗ ಟೈಲ್ಸ್ ಬಂದಾವ, ಒಂದು ಅರಿವಿ ತಗೊಂಡು ಒರಸಿದ್ರ ಮುಗೀತದ."

"ಬೆಕ್ಕು ಬಿಟ್ಟು ಬಂದ್ರ ಆಗಂಗಿಲ್ಲೇನು? ವಾಡಿ ಸ್ಟೇಷನ್‌ದಾಗ ಬಿಟ್ರ ಹೊಟ್ಟಿ ತುಂಬ ತಿಂತಾವ," ಎಂದ ಅವನು.

"ಹಾಂ, ಮೊದಲ ನಿಮ್ಮವ್ವಗ ಬಿಟ್ಟು ಬರ್ರಿ, ಆಮ್ಯಾಲ ಬೆಕ್ಕಿಗಿ," ಎಂದಳು ಅವಳು. ನಾನು ಅಡುಗೆಮನೆಯಲ್ಲಿ ಕೇಳಿಸಿಕೊಂಡೆ. ಅವಳು ನನ್ನ ಪರವಾಗಿಯೇ ಹೇಳಿದ್ದು. ಬೆಕ್ಕು ಉಳಿಯಲಿ, ನೆಲ ಹೋಗಲಿ ಎಂಬುದು ಅವಳ ವಿಚಾರ.

ಮಗ ನನ್ನ ಹತ್ತಿರ ಬಂದು ಕುಳಿತ. "ಯವ್ವಾ, ಟೈಲ್ಸ್ ನೀನೇ ಆರಿಸಬೇಕು. ದಿನಾ ನೆಲದ ಮ್ಯಾಲ ಕುಂದ್ರಾಕಿ ನೀ. ನಾವು ಕುರ್ಚಿ ಮ್ಯಾಲಿನ ಮಂದಿ."

ಈ ಮನೆಗೆ ಬಂದು ಇಷ್ಟು ವರ್ಷಗಳಾದವು. ಸೀರೆಯನ್ನು ಕೂಡ ನಾನು ಆರಿಸಿದವಳಲ್ಲ. ಅತ್ತೆ ತಂದದ್ದು, ಆಮೇಲೆ ಮುತ್ಯಾ ತಂದದ್ದು, ಈಗ ಸೊಸೆ ತಂದದ್ದು. ಈಗ ಒಂದು ಇಡೀ ನೆಲ ಆರಿಸು ಎಂದ. ನನಗೆ ಹೆದರಿಕೆಯೂ ಆಯಿತು, ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು.

ಸೇಡಂನಲ್ಲಿ ನಿಮ್ಮ ಅಪ್ಪನಿಗೆ ಪರಿಚಯದ ಅಂಗಡಿ ಇತ್ತಲ್ಲ, ಅಲ್ಲಿಗೇ ಮೂವರೂ ಹೋಗುವುದೆಂದಾಯಿತು. ವಾಡಿಯಲ್ಲಿ ಗಾಡಿ ಬದಲಿಸಿ ಕಿಟಕಿಯ ಹತ್ತಿರ ಕುಳಿತೆ. ಚಿತ್ತಾಪುರ ದಾಟುವ ತನಕ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಬೂದಿ ಬೆಕ್ಕು ಮುದುಕಿಯಾಗಿದ್ದಾಳೆ. ಅವಳ ಹಿಂಗಾಲು ಈಗಲೇ ನಡುಗುತ್ತವೆ. ಉಗುರು ಹಿಡಿಯುವಂಥ ನೆಲ ಬೇಕು. ಬೇಸಿಗೆಗೆ ತಂಪಿರಬೇಕು. ನೀರು ಹೀರಬಾರದು. ಬಣ್ಣ ಹೇಗಿದ್ದರೂ ನಡೆದೀತು. ಇಷ್ಟೇ ಮಾತು. ಒಂದಕ್ಕೊಂದು ಹೊಂದಿಸಿ ಹೇಳಿದರೆ ಯಾರಿಗಾದರೂ ತಿಳಿಯುತ್ತದೆ ಎಂದುಕೊಂಡೆ.

ಅಂಗಡಿಯ ಬಾಗಿಲಲ್ಲಿ ರೂಢಿಯಂತೆ ಚಪ್ಪಲಿ ಬಿಟ್ಟೆ. ಮತ್ತೆ ಯಾರೂ ಬಿಟ್ಟಿರಲಿಲ್ಲ. ಒಳಗಿನ ನೆಲ ನೀರು ನಿಂತ ಹಾಗೆ ಹೊಳೆಯುತ್ತಿತ್ತು. ನಾನು ಮಗನ ಮೊಣಕೈ ಹಿಡಿದು ಸಣ್ಣ ಸಣ್ಣ ಹೆಜ್ಜೆ ಇಟ್ಟೆ. ನಾನು ದಣಿದಿದ್ದೇನೆಂದು ತಿಳಿದು ಅವನು ಕುರ್ಚಿ ತರಿಸಿದ.

ಅಲ್ಲಿ ನೆಲಗಳನ್ನೆಲ್ಲ ಗೋಡೆಗೆ ಆನಿಸಿ ನಿಲ್ಲಿಸಿದ್ದರು. ನೀವು ನೋಡಿರಬಹುದು, ನಾನು ಅದೇ ಮೊದಲು ನೋಡಿದ್ದು. ಒಂದರ ಪಕ್ಕ ಒಂದು, ಮೇಲೆ ದೀಪ ಹಾಕಿ, ದೇವರ ಫೋಟೋ ನಿಲ್ಲಿಸಿದ ಹಾಗೆ. ಬಂದವರೆಲ್ಲ ದೂರ ನಿಂತು ಕಣ್ಣಿನಿಂದ ನೋಡಿ, "ಇದು ಚಂದ, ಅದು ಚಂದ" ಎನ್ನುತ್ತಿದ್ದರು. ನೆಲವನ್ನು ಕಾಲಿನಿಂದಲ್ಲವೇ ನೋಡುವುದು? ಒಂದನ್ನು ಕೆಳಗೆ ಹಾಸಿ, ಮೇಲೆ ಸ್ವಲ್ಪ ನೀರು ಚೆಲ್ಲಿ, ನಿಂತು ನೋಡುತ್ತೇನೆ ಎಂದು ಕೇಳಬೇಕಿತ್ತು. ಆ ದೀಪಗಳ ನಡುವೆ ಬರಿಗಾಲಲ್ಲಿ ಕುಳಿತವಳಿಗೆ ಬಾಯಿ ಬರಲಿಲ್ಲ.

ಅಂಗಡಿಯವರು ಒಳ್ಳೆಯವರೇ. "ಅವ್ವಾರ, ಇದರಾಗ ನಿಮ್ಮ ಮುಖ ಕಾಣ್ತದ ನೋಡ್ರಿ," ಎಂದು ಒಂದನ್ನು ತೋರಿಸಿದರು. ಕಂಡಿತು. ನೆಲದಲ್ಲಿ ಮುಖ ಕಂಡು ಏನು ಮಾಡುವುದೆಂದು ತಿಳಿಯಲಿಲ್ಲ.

ಮೆಲ್ಲಗೆ ಸೊಸೆಯ ಕಿವಿಯಲ್ಲಿ ಕೇಳಿದೆ: "ಇದರ ಮ್ಯಾಲ ಬೆಕ್ಕು ಜಾರಂಗಿಲ್ಲೇನು?"

ಅವಳು ನನ್ನ ಸಲುವಾಗಿಯೇ ಗಟ್ಟಿಯಾಗಿ ಕೇಳಿದಳು: "ಅಣ್ಣಾರ, ಬೆಕ್ಕು ಜಾರ್ತಾವೇನಂತ ಕೇಳ್ಲಿಕತ್ತಾರ ನೋಡ್ರಿ ನಮ್ಮತ್ತಿ."

ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. "ಬೆಕ್ಕಿಗಿ ಒಂದು ಜೋಡಿ ಬೂಟು ಹೊಲಸ್ರಿ ಅವ್ವಾರ," ಎಂದರು ಅಂಗಡಿಯವರು. ಇನ್ನೊಬ್ಬ ಗಿರಾಕಿ, "ಜೋಡಿ ಅಂದ್ರ ಹ್ಯಾಂಗ ಸಾಕಾಗ್ತದ್ರಿ, ನಾಕು ಕಾಲು!" ಎಂದ. ಮತ್ತೆ ನಕ್ಕರು. ಸೊಸೆಯೂ ನಕ್ಕಳು, ಮಗನೂ ನಕ್ಕ. ನಾನೂ ಸೆರಗು ಬಾಯಿಗೆ ಹಿಡಿದು ನಕ್ಕೆ. ಚಿತ್ತಾಪುರ ದಾಟುವ ತನಕ ಜೋಡಿಸಿದ ಮಾತುಗಳೆಲ್ಲ ಆ ನಗೆಯಲ್ಲಿ ಹೋದವು.

ಆದರೂ ಹೊರಡುವ ಮುಂಚೆ ನನ್ನ ನೆಲ ನನಗೆ ಕಂಡಿತು. ಹಿಂದಿನ ಮೂಲೆಯಲ್ಲಿ, ದೀಪ ಇಲ್ಲದ ಕಡೆ, ಸಣ್ಣ ಚೌಕದ ಟೈಲ್ಸ್ ಇದ್ದವು. ಮಬ್ಬು ಬಣ್ಣ, ಥೇಟ್ ಫರಸಿಯ ಬಣ್ಣ. ಎದ್ದು ಹೋಗಿ ಅಂಗೈಯಿಂದ ಸವರಿದೆ. ಬೆಕ್ಕಿನ ನಾಲಿಗೆಯ ಹಾಗೆ ಸಣ್ಣಗೆ ಒರಟು. ಕೈಗೆ ತಂಪು. ಉಗುರು ಎಳೆದರೆ ಹಿಡಿಯಿತು. ಇದೇ ಇದೇ ಎಂದುಕೊಂಡೆ.

"ಅವ್ವಾರ, ಅದು ಸಂಡಾಸಿನದ್ರಿ," ಎಂದರು ಅಂಗಡಿಯವರು ಹಿಂದಿನಿಂದ. "ಜಾರಬಾರ್ದಂತ ಸಂಡಾಸಿಗಿ, ಬಚ್ಚಲಕ್ಕ ಹಾಕ್ತಾರ."

ಕೈ ಹಿಂದೆ ತೆಗೆದೆ. ಜಗಲಿಯ ಮುಂದೆ, ಅಯ್ಯನವರು ಕೂಡುವ ಜಾಗಕ್ಕೆ ಸಂಡಾಸಿನ ಟೈಲ್ಸ್ ಹಾಕಿರೆಂದು ಹೇಗೆ ಹೇಳುವುದು? ಟೈಲ್ಸಿಗೆ ತಾನು ಎಲ್ಲಿಯದು ಎಂದು ಗೊತ್ತಿರುವುದಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಅನ್ನಿಸಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ತಿರುಗಿ ಬಂದು ಕುರ್ಚಿಯಲ್ಲಿ ಕುಳಿತು ತಲೆ ತಗ್ಗಿಸಿದೆ. ಎದುರಿಗೆ ಬೆಳ್ಳಗೆ ಹೊಳೆಯುವ ಒಂದು ದೊಡ್ಡ ಟೈಲ್ಸ್ ಇತ್ತು. ಅದರಲ್ಲಿ ನನ್ನ ಬರಿಗಾಲು ಕಾಣುತ್ತಿದ್ದವು. ಅವನ್ನೇ ನೋಡುತ್ತ ಕುಳಿತೆ.

"ಯವ್ವಾ, ಯಾವುದು?" ಎಂದ ಮಗ.

"ನಿಮಗ ಚಂದ ಕಂಡದ್ದು ಹಾಕಸ್ರಿ."

"ಇಲ್ಲ ಇಲ್ಲ, ನೀ ಹೇಳು. ಇದನ್ನ ಭಾಳ ಹೊತ್ತಿನಿಂದ ನೋಡ್ಲಿಕತ್ತೀದಿ. ಇದು ಬರ್ತದೇನು ಮನಸ್ಸಿಗಿ?"

"ಹೂಂ," ಎಂದೆ. ಏನಾದರೂ ಅನ್ನಬೇಕಿತ್ತು.

"ನೋಡು, ನಮ್ಮವ್ವನ ಕಣ್ಣು!" ಎಂದು ಅವನು ಖುಷಿಯಾದ. ಸೊಸೆ ನನ್ನ ಕೈ ಹಿಡಿದು, "ನನಗೂ ಇದೇ ಮನಸ್ಸಿಗಿ ಬಂದಿತ್ತು ಅತ್ತಿ, ನೀವು ಬ್ಯಾಡ ಅಂತೀರಂತ ಸುಮ್ಕಿದ್ದೆ," ಎಂದಳು. ಅಂಗಡಿಯವರು ಚಹಾ ತರಿಸಿದರು. ಆ ಚಹಾ ಕುಡಿಯುವಾಗ ನಿಮ್ಮ ಅವ್ವನೂ ಬಂದಿದ್ದಳು. ಅವಳಿಗೂ ಅದನ್ನೇ ಹೇಳಿದರು, ಅವ್ವನೇ ಆರಿಸಿದಳು ಎಂದು.

ಮಕ್ಕಳೇ, ಅಲ್ಲಿಂದ ಮುಂದೆ ನಾನು ಒಂದು ಮಾತೂ ಆಡದ ಹಾಗಾಯಿತು. ಬೇರೆಯವರು ಆರಿಸಿದ ನೆಲವಾಗಿದ್ದರೆ ಗೊಣಗಬಹುದಿತ್ತು. ಇದು ನಾನೇ ಆರಿಸಿದ್ದಲ್ಲವೇ!

ಕೆಲಸದವರು ಹಾರೆ ಹಾಕಿ ಫರಸಿ ಎಬ್ಬಿಸಿದರು. ಅಡಿಯಲ್ಲಿ ಕೆಂಪು ಮೊರಮು ಮಣ್ಣು ಇತ್ತು, ಅದರಲ್ಲಿ ನಿಮ್ಮ ಸೋದರಮಾವ ಚಿಕ್ಕಂದಿನಲ್ಲಿ ಕಳೆದುಕೊಂಡಿದ್ದ ಒಂದು ಗೋಲಿ ಸಿಕ್ಕಿತು. ಸಂದಿನಲ್ಲಿ ಹೇಗೆ ಇಳಿಯಿತೋ. ಅವನು ಅದನ್ನು ತೊಳೆದು ಕಿಸೆಯಲ್ಲಿ ಹಾಕಿಕೊಂಡ. ಕಲ್ಲುಗಳನ್ನು ಹಿತ್ತಲಿಗೆ ಒಯ್ದು ಗೋಡೆಗೆ ಆನಿಸಿ ಸಾಲಾಗಿ ನಿಲ್ಲಿಸಿದರು. ನಮ್ಮ ನೆಲವೂ ಆ ಅಂಗಡಿಯ ನೆಲಗಳ ಹಾಗೆ ಗೋಡೆ ಹಿಡಿದು ನಿಂತಿತು. ಬೆಳ್ಳಗೆ ಕಲೆಯಾದದ್ದು ಎಲ್ಲಕ್ಕೂ ಮುಂದೆ.

ಗದ್ದಲಕ್ಕೆ ಅಂಜಿ ಬೆಕ್ಕುಗಳು ಹಿತ್ತಲು ಸೇರಿದವು. ಕಲ್ಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಬೂದಿ ಬೆಕ್ಕು ಮಲಗಿದಳು. ಮೇಸ್ತ್ರಿ, "ನಿಮ್ಮ ಬೆಕ್ಕು ಮನಿ ಕಾಯೋದು ಬಿಟ್ಟು ಕಲ್ಲು ಕಾಯಾಕತ್ತದ್ರಿ ಅವ್ವಾ," ಎಂದ.

ನೆಲ ಮುಗಿಯಿತು. ಸುಳ್ಳು ಹೇಳಬಾರದು, ಮನೆ ಬೆಳಗಿತು. ವಾಸನೆ ಹೋಯಿತು. ಗಡವ ಬೆಕ್ಕು ಈಗಲೂ ಬಂದು ತನ್ನ ಕೆಲಸ ಮಾಡಿ ಹೋಗುತ್ತದೆ, ಆದರೆ ಸೊಸೆ ಒಂದು ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಕಪ್ಪು ಬಿಳುಪಿನವಳಿಗಂತೂ ಹಬ್ಬ. ಅಡುಗೆಮನೆಯಿಂದ ಓಡಿ ಬಂದು ಪಡಸಾಲೆಯಲ್ಲಿ ಬೇಕಂತಲೇ ಜಾರುತ್ತಾಳೆ. ಫರಸಿಯ ಮೇಲೆ ಕಾಣದಿದ್ದ ಕೂದಲು ಬಿಳಿ ನೆಲದ ಮೇಲೆ ಒಂದೊಂದೂ ಕಾಣುತ್ತವೆ ಎಂದು ಸೊಸೆ ಮೊದಲ ವಾರ ಗಾಬರಿಯಾದಳು. "ಅಯ್ಯ, ಇಷ್ಟು ದಿನ ನಾವು ಬೆಕ್ಕಿನ ಕೂದಲಿನ ಮ್ಯಾಲೇ ಉಂಡೀವೇನ್ರಿ ಅತ್ತಿ!" ಎಂದಳು. ಅದೂ ರೂಢಿಯಾಯಿತು.

ಬೂದಿ ಬೆಕ್ಕಿಗೆ ಮಾತ್ರ ರೂಢಿಯಾಗಲಿಲ್ಲ. ನಾನು ಹಾಲು ಹಾಕಿ ಬೆರಳಿನಿಂದ ಬಡಿದೆ. ಟೈಲ್ಸಿನ ಸದ್ದು ಬೇರೆ. ಊಟದ ತಾಟಿಗೆ ಬಡಿದ ಹಾಗೆ. ಅವಳು ಹಿತ್ತಲ ಬಾಗಿಲಲ್ಲಿ ಕಿವಿ ನಿಮಿರಿಸಿ ಕುಳಿತಳು, ಬರಲಿಲ್ಲ. ಬಟ್ಟಲು ಅಲುಗಿಸಿ ಸದ್ದು ಮಾಡಿದೆ. ಒಂದು ಕಾಲು ಇಟ್ಟಳು, ಜಾರಿತು. ಹಿಂದೆ ಎಳೆದುಕೊಂಡು ನೆಕ್ಕಿದಳು.

ಹಳೆಯ ಗೋಣಿಚೀಲ ಹರಿದು, ಹಿತ್ತಲ ಬಾಗಿಲಿನಿಂದ ನನ್ನ ಮಂಚದ ತನಕ ಹಾಸಿದೆ. ಅದರ ಮೇಲೆ ಬಂದಳು. ಬೀಗರು ಬರುವಾಗ ಸೊಸೆ ಅದನ್ನು ನೀಟಾಗಿ ಮಡಚಿ ಇಟ್ಟಳು. ಬಯ್ಯುವ ಹಾಗಿರಲಿಲ್ಲ, ಹೊಸ ನೆಲದ ಮೇಲೆ ಗೋಣಿಚೀಲ ಯಾರು ಇಡುತ್ತಾರೆ? ಆಮೇಲೆ ಅವಳೇ ಶಹಾಬಾದ ಸಂತೆಯಿಂದ ಕಾಲೊರಸುಗಳನ್ನು ತಂದು ಹಾಕಿದಳು, ಹೂವಿನ ಚಿತ್ರದವು. ಬೆಕ್ಕು ಹತ್ತಿದ ಕೂಡಲೇ ಕಾಲೊರಸೇ ಬೆಕ್ಕನ್ನು ಹೊತ್ತುಕೊಂಡು ಜಾರಿತು. ಇಬ್ಬರೂ ನಕ್ಕೆವು. ನಗುವಾಗಲೇ ನನಗೆ ಅಳು ಬಂದಿತು.

ಒಂದು ದಿನ ಬೂದಿ ಬೆಕ್ಕು ಯಾವಾಗಲಿನ ಹಾಗೆ ಕಿಟಕಿಯಿಂದ ಒಳಗೆ ಹಾರಿದಳು. ಇಳಿದ ಕಾಲು ನಿಲ್ಲಲಿಲ್ಲ. ಜಾರಿ ಹೋಗಿ ಕಪಾಟಿಗೆ ಬಡಿದಳು. ಹಿಂಗಾಲು ಎತ್ತಿಕೊಂಡು ಕುಂಟಿದಳು. ಮಗ ಕೆಲಸ ಬಿಟ್ಟು ಬಂದು ದನದ ದವಾಖಾನೆಗೆ ಒಯ್ದ. ನಾನು ಮಡಿಲಲ್ಲಿ ಹಿಡಿದು ಆಟೋದಲ್ಲಿ ಕುಳಿತಿದ್ದೆ. ಅಲ್ಲಿ ಎಮ್ಮೆಗಳ ನಡುವೆ ನಮ್ಮ ಸರದಿ ಬಂದಾಗ ಡಾಕ್ಟರು ಕಾಲು ಒತ್ತಿ ನೋಡಿ, "ಎಲುಬು ಮುರಿದಿಲ್ಲ. ಮುದುಕಿ ಆಗ್ಯಾದ, ಸಂದಿ ಬಿಗಿದಾವ. ನುಣ್ಣನ ನೆಲದ ಮ್ಯಾಲ ಬಿಡಬ್ಯಾಡ್ರಿ," ಎಂದರು.

ಹಿಂದಿರುಗುವಾಗ ಮಗ ಬೆಕ್ಕಿನ ಕಾಲು ಅಲುಗದ ಹಾಗೆ ಕೈ ಕೊಟ್ಟು ಹಿಡಿದಿದ್ದ. ಆಮೇಲೆ, "ಯವ್ವಾ, ಆವತ್ತೇ ಹೇಳಬೇಕಿಲ್ಲೇನು? ನಿನಗ ಇದೇ ಬೇಕಂತ ತಿಳಿದು ನಾವು ಹಾಕಸೀವಿ," ಎಂದ. ಚುಚ್ಚಿ ಹೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ನಾನು ಬೆಕ್ಕಿನ ಕಿವಿ ಸವರುತ್ತ ಕುಳಿತೆ. ಈಗ ಏನು ಹೇಳಿದರೂ ಅವನ ನೆಲವನ್ನು ಹಳಿದ ಹಾಗಾಗುತ್ತಿತ್ತು.

ಬೂದಿ ಬೆಕ್ಕು ಹಿತ್ತಲ ಕಲ್ಲುಗಳ ಹತ್ತಿರವೇ ಉಳಿದಳು. ನಾನು ಮಧ್ಯಾಹ್ನ ಅಲ್ಲೇ ಒಂದು ಮಣೆ ಹಾಕಿಕೊಂಡು ಕೂಡುತ್ತಿದ್ದೆ. ನಿಂತ ಕಲ್ಲಿಗೆ ಬಡಿದರೆ ಸಂದಿಯಿಂದ ಬರುತ್ತಿದ್ದಳು. ಹೀಗಾದರೂ ನಡೆಯಲಿ ಎಂದುಕೊಂಡಿದ್ದೆ.

ಅಷ್ಟರಲ್ಲಿ ಬಾಜೂ ಮನೆಯ ಬೀಬಿ ಬಂದರು. ನನಗಿಂತ ಸಣ್ಣವರು, ನನ್ನನ್ನು ಅಕ್ಕಾ ಎನ್ನುತ್ತಾರೆ. ಅವರ ಗಂಡ ಮತ್ತು ನಿಮ್ಮ ಮುತ್ಯಾ ಒಂದೇ ಕಾರ್ಖಾನೆಯಲ್ಲಿದ್ದವರು. ಮಗನಿಗೆ ಮದುವೆ ಗೊತ್ತಾಗಿ ಹಿಂದೆ ಒಂದು ಕೋಣೆ ಕಟ್ಟಿಸುತ್ತಿದ್ದರು.

"ಅಕ್ಕಾ, ಆ ಫರಸಿ ಏನು ಮಾಡ್ತೀರಿ? ಕೊಟ್ರ ನಮ್ಮ ಖೋಲಿಗಿ ಹಾಕ್ಕೊಂತೀವಿ."

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕೂತು ಉಂಡ ನೆಲದ ಕಲ್ಲು ಎಬ್ಬಿಸಿದರೆ ಮಾರಬಾರದು, ಕೇಳಿದವರಿಗೆ ಕೊಡಬೇಕು. ನನ್ನ ಅತ್ತೆ ಹೇಳುತ್ತಿದ್ದದ್ದು. ಬೀಬಿಗೂ ಅದು ಗೊತ್ತು. ಮಗ ನನ್ನ ಕಡೆ ನೋಡಿದ: "ಕೊಡ್ಲೇನು ಯವ್ವಾ?"

ಇನ್ನೊಂದು ಸಲ ನನ್ನನ್ನೇ ಕೇಳಿದರು ನೋಡಿ. ಒಂದು ಬೆಕ್ಕಿಗಾಗಿ ಕಲ್ಲು ಇಟ್ಟುಕೊಳ್ಳುತ್ತೇನೆ, ಮದುವೆಯ ಮನೆಗೆ ಕೊಡುವುದಿಲ್ಲ ಎಂದು ಯಾವ ಬಾಯಿಂದ ಹೇಳಲಿ?

"ಕೊಡು," ಎಂದೆ.

ಕಲ್ಲುಗಳು ತಳ್ಳುಗಾಡಿಯಲ್ಲಿ ಹೋದವು. ಬೂದಿ ಬೆಕ್ಕು ಖಾಲಿ ಗೋಡೆಯ ಹತ್ತಿರ ಮೂಸಿ ಮೂಸಿ ಸುತ್ತಾಡಿದಳು. ಆಮೇಲೆ ಕಾಣಲಿಲ್ಲ. ನಾನು ಓಣಿಯೆಲ್ಲ ಹುಡುಕಿದೆ. ಗಟಾರ ನೋಡಿದೆ. ಆ ಕುಂಟು ಕಾಲಲ್ಲಿ ಎಲ್ಲಿ ಹೋದಾಳು ಎಂದು ರಾತ್ರಿ ಹಿತ್ತಲ ದೀಪ ಆರಿಸಲಿಲ್ಲ. ಮರುದಿನ ಬೀಬಿ ಗೋಡೆಯ ಮೇಲಿನಿಂದ ಕೂಗಿದರು: "ಅಕ್ಕಾ, ನಿಮ್ಮ ಬಿಲ್ಲಿ ನಮ್ಮ ಖೋಲ್ಯಾಗ ಬಂದು ಮಲಗ್ಯಾಳ. ಇನ್ನಾ ಸಿಮೆಂಟ್ ಆರಿಲ್ಲ, ಮೇಸ್ತ್ರಿ ಎಬ್ಬಿಸಿದ್ರ ಅವನಿಗೇ ಗುರ್ ಅಂತಾಳ!"

ಬುಟ್ಟಿಯಲ್ಲಿ ತಂದೆ. ಹೋದಳು. ಮತ್ತೆ ತಂದೆ. ಹಾಲು ಇಟ್ಟೆ, ಮೊಟ್ಟೆಯ ಹಳದಿ ಇಟ್ಟೆ. ತಿಂದು, ಗೋಡೆ ಹಿಡಿದು ಹೋದಳು. ಕಡೆಗೊಮ್ಮೆ ನಾನು ಬುಟ್ಟಿ ಹಿಡಿದು ಹೋದಾಗ ಅವಳು ನನ್ನನ್ನು ನೋಡಿ ಹಿಂದೆ ಸರಿದಳು. ನನ್ನಿಂದ ಅವಳು ಸರಿದದ್ದು ಅದೇ ಮೊದಲು. ಬುಟ್ಟಿಯನ್ನು ಬೆನ್ನಹಿಂದೆ ಮಾಡಿ ನಿಂತುಕೊಂಡೆ.

"ಇರ್ಲಿ ಬಿಡ್ರಿ ಅಕ್ಕಾ," ಎಂದರು ಬೀಬಿ. "ನಮ್ಮಾಗ ಬಂದ ಬೆಕ್ಕಿಗಿ ಹೊರಗ ಹಾಕಂಗಿಲ್ಲ. ಸೊಸಿ ಬರೂಕಿಂತ ಮೊದಲ ಇಕಿನೇ ಬಂದಾಳ ಮನಿ ತುಂಬಾಕ."

ಬುಟ್ಟಿಯನ್ನು ಮನೆಗೆ ತಂದು ಅಟ್ಟದ ಮೇಲೆ ಇಟ್ಟೆ. ನೀವು ಬಂದಾಗ ದೊಡ್ಡವನು ಅಲ್ಲಿಂದಲೇ ಅದನ್ನು ಇಳಿಸಿದ್ದು.

ಈಗ ಹೊಸ ಸೊಸೆಯೂ ಬಂದಿದ್ದಾಳೆ, ಬೆಕ್ಕೂ ಅಲ್ಲೇ ಇದೆ. ಮಧ್ಯಾಹ್ನ ನಾನು ಅವರ ಮನೆಗೆ ಹೋಗುತ್ತೇನೆ. ಮೊದಮೊದಲು ಏನಾದರೂ ನೆಪ ಒಯ್ಯುತ್ತಿದ್ದೆ, ಒಂದು ಬಟ್ಟಲು ಹಿಂಡಿ ಪಲ್ಯ, ನಾಲ್ಕು ಕರಿಬೇವಿನ ಎಸಳು. ಈಗ ಬರಿಗೈಯಲ್ಲೇ ಹೋಗುತ್ತೇನೆ. "ಬರ್ರಿ ಅಕ್ಕಾ, ಕುಂದ್ರಿ," ಎಂದು ಕುರ್ಚಿ ಎಳೆಯುತ್ತಾರೆ. ನಾನು ನೆಲದ ಮೇಲೆಯೇ ಕೂಡುತ್ತೇನೆ. ಕಲ್ಲುಗಳು ಮೊದಲಿನ ಜೋಡಣೆಯಲ್ಲಿಲ್ಲ. ನಮ್ಮ ಹೊಸ್ತಿಲ ಹತ್ತಿರ ಇದ್ದದ್ದು ಅವರ ಕಿಟಕಿಯ ಕೆಳಗಿದೆ, ಒಲೆಯ ಮುಂದಿನದು ಬಾಗಿಲಲ್ಲಿದೆ. ಬೆಳ್ಳಗೆ ಕಲೆಯಾದದ್ದನ್ನು ಅವರ ಮೇಸ್ತ್ರಿ ಮಗುಚಿ ಹಾಕಿದ್ದಾನೆ. ಆ ಮಗ್ಗುಲು ಇನ್ನೂ ಒರಟು. ಬೂದಿ ಬೆಕ್ಕು ಮಲಗುವುದು ಅದರ ಮೇಲೆಯೇ. ನಾನು ಬೆರಳು ಬಡಿದರೆ ಎದ್ದು ಬಂದು ನನ್ನ ಮೊಣಕಾಲಿಗೆ ತಲೆ ಒತ್ತುತ್ತಾಳೆ. ಸ್ವಲ್ಪ ಹೊತ್ತು ಒಟ್ಟಿಗೆ ಇರುತ್ತೇವೆ. ಆಮೇಲೆ ನನ್ನ ಸೊಸೆ ಗೋಡೆಯ ಆಚೆಯಿಂದ, "ಅತ್ತೀ, ಚಹಾ ಆಗ್ಯಾದ," ಎಂದು ಕರೆಯುತ್ತಾಳೆ. ನಾನು ಎದ್ದು ಬರುತ್ತೇನೆ. ಬೂದಿ ಬೆಕ್ಕು ಅಲ್ಲೇ ಮಲಗಿರುತ್ತಾಳೆ.

ಮೊನ್ನೆ ಸೊಸೆಯ ತವರಿನಿಂದ, ಐನಾಪುರದಿಂದ ಮಂದಿ ಬಂದಿದ್ದರು. ನೆಲ ನೋಡಿ, "ಭಾಳ ಛಲೋ ಅದ, ಯಾರು ಆರಿಸಿದ್ರು?" ಎಂದರು. "ನಮ್ಮತ್ತಿ," ಎಂದಳು ಅವಳು, ಅಭಿಮಾನದಿಂದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಗೋಡೆಗೆ ಕೈ ಆನಿಸಿಕೊಂಡು ಅಡುಗೆಮನೆಗೆ ಹೊರಟಿದ್ದೆ. ಈಗೀಗ ನಾನೂ ಗೋಡೆಗುಂಟ ನಡೆಯುತ್ತೇನೆ. "ಹೂಂ," ಎಂದೆ.

ಮುಂದಿನ ಸೂಟಿಗೆ ಬಂದಾಗ ಬುಟ್ಟಿ ಇಳಿಸಬೇಡಿ. ಬೀಬಿಯ ಮನೆಗೆ ಹೋಗಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂಡಿ. ಹೊಸ ಕೋಣೆಯ ಮಂಚದ ಬಾಜೂ ಇರುವ ಒರಟು ಕಲ್ಲಿನ ಮೇಲೆ ಗೆಣ್ಣಿನಿಂದ ಮೆಲ್ಲಗೆ ಬಡಿಯಿರಿ. ಅವಳು ಬರುತ್ತಾಳೆ. ಎತ್ತಿಕೊಳ್ಳಬೇಡಿ, ಹಾಗೇ ಇರಲಿ.